ದಿನವೂ ಬರುವ ತಂದೆ

ಮಾತಾಪಿತರ ಹಕ್ಕುಗಳ ಕುರಿತು ನಾವು ಎಷ್ಟು ಜುಮಾ ಖುತ್ಬಾಗಳನ್ನು ಕೇಳಿದ್ದೇವೆ ಎಂಬುದಕ್ಕೆ ಲೆಕ್ಕವಿಲ್ಲ. ವೃದ್ಧ ತಂದೆಯ ಮುಂದೆ ಧ್ವನಿ ಎತ್ತಬಾರದು ಎಂಬುದನ್ನು ನಮ್ಮ ಮದ್ರಸದ ಚಿಕ್ಕ ಮಕ್ಕಳೂ ಬಾಯಿಪಾಠ ಹೇಳಬಲ್ಲರು. ಅದು ಸರಿಯೇ, ಹೇಳಬೇಕಾದದ್ದೇ. ಆದರೆ ಏಳು ವರ್ಷದ ಮಗನಿಗೆ ತಂದೆಯ ಮೇಲೆ ಇರುವ ಹಕ್ಕುಗಳಾವುವು ಎಂದು ಯಾರಾದರೂ ಕೇಳಿದರೆ, ಊಟ, ಬಟ್ಟೆ, ಶಾಲೆಯ ಫೀಸು, ಮದ್ರಸದ ಪಾಠ ಎಂದು ನಾಲ್ಕು ಬೆರಳು ಮಡಚಿ ನಾವು ಸುಮ್ಮನಾಗುತ್ತೇವೆ. ಮಡಚದೆ ಉಳಿದ ಐದನೆಯ ಬೆರಳಿನ ಕುರಿತು ಬರೆಯಬೇಕೆಂದು ಈ ವಸಂತದಲ್ಲಿ ನಮಗೆ ಅನಿಸಿತು.

ಮೊದಲು ನಮ್ಮ ತಪ್ಪನ್ನೇ ಹೇಳಿಕೊಳ್ಳುವುದು ನ್ಯಾಯ. 2013ರಲ್ಲಿ ನಾವು ಯಲ್ಲಾಪುರ ಬಿಟ್ಟು ದಮ್ಮಾಮಿಗೆ ಹೋದೆವು. ಆಗ ನಮ್ಮ ಹಿರಿಯ ಮಗನಿಗೆ ಏಳು ವರ್ಷ. 2022ರಲ್ಲಿ ಮರಳಿ ಬಂದಾಗ ಅವನಿಗೆ ಮೀಸೆ ಚಿಗುರಿತ್ತು. ನಡುವಿನ ಒಂಬತ್ತು ವರ್ಷಗಳಲ್ಲಿ ಅವನು ನಮಗೆ ದೂರವಾಣಿಯ ಪರದೆಯಲ್ಲಿ ಕಾಣುವ ಮುಖವಾಗಿದ್ದ. ನಾವು ಅವನಿಗೆ ಪ್ರತಿ ತಿಂಗಳು ಬರುವ ಹಣವಾಗಿದ್ದೆವು. ಈಗ ಅವನು ಹುಬ್ಬಳ್ಳಿಯಲ್ಲಿ ಪದವಿ ಓದುತ್ತಿದ್ದಾನೆ. ಕೆಟ್ಟ ಹುಡುಗನಲ್ಲ. ಸಲಾಂ ಹೇಳುತ್ತಾನೆ, ಕೇಳಿದ್ದಕ್ಕೆ ಉತ್ತರಿಸುತ್ತಾನೆ, ಊಟದ ತಟ್ಟೆಯನ್ನು ತಾನೇ ತೊಳೆದಿಡುತ್ತಾನೆ. ಮನೆಗೆ ಬಂದ ಸಭ್ಯ ಅತಿಥಿಯೂ ಹಾಗೆಯೇ ಮಾಡುತ್ತಾನೆ. ಅವನಿಗೆ ಯಾವ ಹಣ್ಣು ಇಷ್ಟ, ಯಾವುದಕ್ಕೆ ಅವನು ಹೆದರುತ್ತಿದ್ದ, ಈಜು ಕಲಿಸಿದವರು ಯಾರು ಎಂಬುದು ನಮಗೆ ತಿಳಿಯದು. ಅವನ ತಾಯಿಯನ್ನು ಕೇಳಿ ತಿಳಿದುಕೊಳ್ಳಬೇಕು.

ಕಿರಿಯವನಿಗೆ ಈಗ ಏಳು, ಅಣ್ಣನನ್ನು ನಾವು ಬಿಟ್ಟುಹೋದ ವಯಸ್ಸು. ಆದುದರಿಂದ 2025ರ ಫೆಬ್ರವರಿಯಲ್ಲಿ ನಾವೊಂದು ನಿಯಮ ಮಾಡಿಕೊಂಡೆವು. ರವಿವಾರ ಫಜ್ರ್ ನಮಾಝಿನ ನಂತರ ಹೆದ್ದಾರಿ ಬದಿಯ ನಮ್ಮ ಟಯರ್ ಅಂಗಡಿಯ ಬಾಗಿಲು ತೆರೆಯುವವರೆಗಿನ ಹೊತ್ತು ಅವನದು. ಎಲ್ಲಿಗೆ ಹೋಗಬೇಕೆಂಬುದನ್ನು ಅವನು ಹೇಳಬೇಕು, ಕರೆದುಕೊಂಡು ಹೋಗುವುದು ನಮ್ಮ ಕೆಲಸ. ದೂರವಾಣಿ ಮನೆಯಲ್ಲೇ ಇರಬೇಕು.

ಮೊದಲ ರವಿವಾರ ಅವನು ಹುಬ್ಬಳ್ಳಿಯ ಕಡೆಯ ರಸ್ತೆಯನ್ನು ಆರಿಸಿದ, ಅಣ್ಣ ಅದೇ ದಾರಿಯಲ್ಲಿ ಹೋಗುತ್ತಾನೆಂಬ ಒಂದೇ ಕಾರಣಕ್ಕೆ. ಕಿರವತ್ತಿಯ ಹತ್ತಿರ ಬೈಕು ನಿಲ್ಲಿಸಿದೆವು. ಸಾಗುವಾನಿಗಳು ಎಲೆ ಉದುರಿಸಿ ನಿಂತಿದ್ದವು. ಅವುಗಳ ನಡುವೆ ಒಂದು ಮರ ಎಲೆಯೇ ಇಲ್ಲದೆ ಕೆಂಡದಂತೆ ಹೂ ಬಿಟ್ಟಿತ್ತು. “ಅಬ್ಬಾ, ಎಲೆ ಇಲ್ಲದಿದ್ದರೆ ಮರ ಸತ್ತುಹೋಗಿದೆ ಅಂತ ಅಲ್ಲವೇ? ಸತ್ತ ಮರ ಹೂ ಹೇಗೆ ಬಿಟ್ಟಿತು?” ಎಂದು ಮಗ ಕೇಳಿದ. ನಮಗೆ ಉತ್ತರ ತಿಳಿದಿರಲಿಲ್ಲ. ಅಷ್ಟೇ ಅಲ್ಲ, ಬಾಲ್ಯದಿಂದ ಕಂಡ ಆ ಮರದ ಹೆಸರೂ ತಿಳಿದಿರಲಿಲ್ಲ. ಮನೆಯಲ್ಲಿ ಉರ್ದು ಮಾತನಾಡುವ ನಮಗೆ ಅಡುಗೆಮನೆಯ ಪ್ರತಿಯೊಂದು ವಸ್ತುವಿಗೂ ಹೆಸರಿದೆ, ಹೊರಗಿನ ಕಾಡಿಗೆ ಮಾತ್ರ ‘ಝಾಡ್’ ಎಂಬ ಒಂದೇ ಶಬ್ದ. ಚಹಾ ಅಂಗಡಿಯವರನ್ನು ಕೇಳಿದಾಗ ಅವರು ನಮ್ಮನ್ನು ವಿಚಿತ್ರವಾಗಿ ನೋಡಿ, “ಮುತ್ತುಗ ಗೊತ್ತಿಲ್ಲವೇ? ಇದರ ಎಲೆಯಲ್ಲೇ ಊಟ ಮಾಡ್ತಿದ್ವಲ್ಲ” ಎಂದರು. ಎಲೆ ಉದುರಿದ ಮೇಲೆ ಹೂ, ಹೂ ಮುಗಿದ ಮೇಲೆ ಹೊಸ ಚಿಗುರು ಎಂಬುದನ್ನೂ ಅವರೇ ಹೇಳಿದರು. ಮಗ ಹಿಂದಿರುಗುವ ದಾರಿಯುದ್ದಕ್ಕೂ ಮುತ್ತುಗದ ಮರಗಳನ್ನು ಎಣಿಸಿದ.

ಇದನ್ನು ಮಸೀದಿಯ ಹಿರಿಯರೊಬ್ಬರಿಗೆ ಸಂತೋಷದಿಂದ ಹೇಳಿದೆವು. ಅವರು ನಗಲಿಲ್ಲ. ಹುಡುಗನನ್ನು ಕಾಡಿನಲ್ಲಿ ಅಲೆಸುವ ಬದಲು ಆ ಹೊತ್ತಿನಲ್ಲಿ ಒಂದು ಪುಟ ಹಿಫ್ಝ್ ಮಾಡಿಸಬಾರದೇ ಎಂದು ಕೇಳಿದರು. ಅವರ ಮಾತಿನಲ್ಲಿ ಕಾಳಜಿಯೇ ಇತ್ತು. ಆದರೂ ಅದನ್ನು ಒಪ್ಪಲು ನಮ್ಮಿಂದ ಆಗಲಿಲ್ಲ, ಮತ್ತು ಏಕೆ ಆಗಲಿಲ್ಲವೆಂದು ಹಲವು ದಿನ ಯೋಚಿಸಿದೆವು.

ಪವಿತ್ರ ಕುರ್‌ಆನಿನ 31ನೆಯ ಅಧ್ಯಾಯದಲ್ಲಿ ಲುಕ್ಮಾನರು ಮಗನಿಗೆ ಮಾಡಿದ ಉಪದೇಶವನ್ನು ನಾವೆಲ್ಲರೂ ಬಲ್ಲೆವು. ಏಕದೇವತ್ವ, ನಮಾಝ್, ಸಹನೆ, ವಿನಯ ಎಂದು ಅದರ ವಿಷಯಗಳನ್ನು ಪಟ್ಟಿ ಮಾಡುತ್ತೇವೆ. ಆದರೆ ಆ ತಂದೆ ಬಳಸಿದ ನಿದರ್ಶನಗಳು ಯಾವುವು ಎಂಬುದನ್ನು ಗಮನಿಸುವುದು ಕಡಿಮೆ. ಬಂಡೆಯೊಳಗೆ ಅಡಗಿದ ಸಾಸಿವೆ ಕಾಳಿನಷ್ಟು ಸಣ್ಣ ವಸ್ತು, ಆಕಾಶ, ಭೂಮಿ, ನೆಲದ ಮೇಲೆ ನಡೆಯುವ ನಡಿಗೆ, ಕತ್ತೆಯ ಕೂಗು. ಇವುಗಳಲ್ಲಿ ಒಂದೂ ಕೋಣೆಯೊಳಗಿನದಲ್ಲ. ಬಂಡೆಯನ್ನು ಮುಟ್ಟದ, ಸಾಸಿವೆಯ ಗಿಡವನ್ನು ಕಾಣದ, ಕತ್ತೆಯ ಕೂಗನ್ನು ಕೇಳದ ಮಗುವಿಗೆ ಈ ಉಪದೇಶದ ಅರ್ಧ ಭಾಗ ತಲುಪುವುದಾದರೂ ಹೇಗೆ? ಲುಕ್ಮಾನರು ಮಗನನ್ನು ಹೊರಗೆ ಕರೆದೊಯ್ದರೆಂದು ಅಲ್ಲಿ ಹೇಳಿಲ್ಲ, ನಾವೂ ಹೇಳುವುದಿಲ್ಲ. ಆ ಮಗ ಹೊರಗನ್ನು ಬಲ್ಲವನಾಗಿದ್ದ ಎಂಬುದು ಮಾತ್ರ ಸ್ಪಷ್ಟ.

12ನೆಯ ಅಧ್ಯಾಯವನ್ನೂ ನೆನೆಯಬಹುದು. ಪ್ರವಾದಿ ಯೂಸುಫರ(ಅ) ಸಹೋದರರು ತಂದೆಯ ಬಳಿ ಬಂದು, ತಮ್ಮನನ್ನು ನಾಳೆ ನಮ್ಮೊಡನೆ ಕಳುಹಿಸಿ, ತಿಂದು ಆಡಿ ಬರಲಿ ಎಂದು ಕೇಳಿದರು. ಅವರ ಮನಸ್ಸಿನಲ್ಲಿ ಇದ್ದುದು ಬೇರೆಯೇ. ಆದರೆ ಯಾಕೂಬರು(ಅ) ಉತ್ತರದಲ್ಲಿ ಆಟವನ್ನು ಆಕ್ಷೇಪಿಸಲಿಲ್ಲ. ಮಗನ ಅಗಲಿಕೆಯ ದುಃಖವನ್ನೂ ತೋಳದ ಭಯವನ್ನೂ ಹೇಳಿದರು. ಮಗುವಿಗೆ ಆಟ ಬೇಡವೆಂದು ಒಬ್ಬ ಪ್ರವಾದಿ ಹೇಳಲಿಲ್ಲ ಎಂಬುದು ನಮಗೆ ದೊಡ್ಡ ವಿಷಯವಾಗಿ ಕಂಡಿತು.

ಇನ್ನು ನಮ್ಮ ಪ್ರವಾದಿವರ್ಯರ(ಸ) ಬದುಕು. ಸುಜೂದಿನಲ್ಲಿದ್ದಾಗ ಮೊಮ್ಮಗ ಬೆನ್ನೇರಿದನೆಂದು ಸುಜೂದನ್ನೇ ದೀರ್ಘಗೊಳಿಸಿದರು. ಏನಾಯಿತೋ ಎಂದು ಹಿಂದಿದ್ದವರು ಕಳವಳಗೊಂಡರು. ಅನಸ್(ರ) ಅವರ ಪುಟ್ಟ ತಮ್ಮ ಅಬೂ ಉಮೈರ್ ಸಾಕಿದ್ದ ಹಕ್ಕಿ ಸತ್ತಾಗ, ಆ ಹಕ್ಕಿಯ ಹೆಸರೆತ್ತಿ ಅವನನ್ನು ಮಾತನಾಡಿಸಿದರು. ಇಬ್ನ್ ಅಬ್ಬಾಸ್(ರ) ಬಾಲಕರಾಗಿದ್ದಾಗ ಪ್ರವಾದಿವರ್ಯರ(ಸ) ಹಿಂದೆ ಸವಾರಿಯಲ್ಲಿ ಕುಳಿತು ಸಾಗುತ್ತಾ ಕಲಿತ ಪಾಠವನ್ನು ಇಂದಿಗೂ ಸಮುದಾಯ ಓದುತ್ತಿದೆ. ನಾವು ಬೈಕಿನ ಹಿಂದೆ ಮಗನನ್ನು ಕೂರಿಸಿಕೊಂಡು ಶಾಲೆಗೆ ಬಿಡುವಾಗ ಏನು ಮಾತನಾಡುತ್ತೇವೆ? ‘ಬೇಗ ಹತ್ತು, ಗಟ್ಟಿಯಾಗಿ ಹಿಡಿದುಕೋ, ಇಳಿ.’ ಇಷ್ಟೇ. ತನಗೆ ಹತ್ತು ಮಕ್ಕಳಿದ್ದರೂ ಒಬ್ಬರಿಗೂ ಮುತ್ತು ಕೊಟ್ಟಿಲ್ಲವೆಂದು ಅಕ್ರಅ್ ಬಿನ್ ಹಾಬಿಸ್ ಹೇಳಿದಾಗ ಪ್ರವಾದಿವರ್ಯರು(ಸ) ಅದನ್ನು ಗಾಂಭೀರ್ಯವೆಂದು ಮೆಚ್ಚಲಿಲ್ಲ, ಕರುಣೆಯ ಕೊರತೆಯೆಂದು ಎಚ್ಚರಿಸಿದರು. ನಮ್ಮ ಊರುಗಳಲ್ಲಿ ತಂದೆಯ ಗಾಂಭೀರ್ಯವೆಂದು ನಾವು ಗೌರವಿಸುವ ಎಷ್ಟೋ ನಡವಳಿಕೆಗಳು ವಾಸ್ತವದಲ್ಲಿ ಇದೇ ಅಲ್ಲವೇ?

ತಂದೆ ಎಲ್ಲವನ್ನೂ ತಿಳಿದಿರಬೇಕಾಗಿಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಒಳ್ಳೆಯ ನಿದರ್ಶನವಿದೆ. ಪಕ್ಷಿತಜ್ಞ ಸಲೀಂ ಅಲಿ (1896–1987) ಮೂರು ವರ್ಷದವರಾಗುವ ಹೊತ್ತಿಗೆ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡಿದ್ದರು. ಮುಂಬಯಿಯಲ್ಲಿ ಸಾಕಿದವರು ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ. ಮಾವ ಕೊಡಿಸಿದ ಏರ್‌ಗನ್ನಿನಿಂದ ಹುಡುಗ ಒಂದು ಗುಬ್ಬಿಯನ್ನು ಹೊಡೆದ. ನೋಡಿದರೆ ಅದರ ಗಂಟಲ ಮೇಲೆ ಹಳದಿ ಮಚ್ಚೆ. ಇದನ್ನು ತಿನ್ನಬಹುದೋ ಇಲ್ಲವೋ ಎಂಬ ಸಂದೇಹ ಬಂದು ಮಾವನ ಬಳಿ ಓಡಿದ. ಮಾವನಿಗೆ ಆ ಹಕ್ಕಿ ಯಾವುದೆಂದು ತಿಳಿಯಲಿಲ್ಲ. ಅವರು ಹುಡುಗನನ್ನು ಗದರಿಸಿ ಅಟ್ಟಲಿಲ್ಲ, ಬಾಯಿಗೆ ಬಂದ ಹೆಸರನ್ನು ಹೇಳಿ ತಪ್ಪಿಸಿಕೊಳ್ಳಲೂ ಇಲ್ಲ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಅವರಿಗೆ ಒಂದು ಪರಿಚಯ ಪತ್ರ ಬರೆದು ಕೈಗಿತ್ತರು. ಭಾರತದ ಪಕ್ಷಿಶಾಸ್ತ್ರದ ದೊಡ್ಡ ಅಧ್ಯಾಯವೊಂದು ಆರಂಭವಾದದ್ದು ಒಬ್ಬ ಅನಾಥ ಬಾಲಕನ ಹಲಾಲ್-ಹರಾಮ್‌ನ ಪ್ರಶ್ನೆಯಿಂದ ಮತ್ತು ತನಗೆ ತಿಳಿಯದೆಂದು ಒಪ್ಪಿಕೊಂಡ ಒಬ್ಬ ಹಿರಿಯರಿಂದ.

ಮಾರ್ಚ್ ತಿಂಗಳು ಪೂರ್ತಿ ರಮಝಾನ್. ಉಪವಾಸವಿದ್ದು ತಿರುಗುವುದು ಬೇಡವೆಂದು ಮನೆಯಲ್ಲಿ ಹೇಳಿದರು. ಮಗ ಮಧ್ಯಾಹ್ನದವರೆಗಿನ ಮಕ್ಕಳ ರೋಝಾ ಹಿಡಿದು, ತಾನೂ ಉಪವಾಸವಿದ್ದೇನೆ, ತನಗೇನೂ ಆಗಿಲ್ಲ ಎಂದು ವಾದಿಸಿದ. ಹೀಗಾಗಿ ಕವಡಿಕೆರೆಗೆ ಹೋದೆವು. ಸುಮಾರು 60 ಎಕರೆಯಷ್ಟು ಹರಡಿರುವ ಆ ಕೆರೆಯ ಏರಿಯ ಮೇಲೆ ಬೆಳಗಿನ ತಂಪಿನಲ್ಲಿ ಕುಳಿತು ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದನ್ನು ನೋಡಿದೆವು. ಅವನು ಕಲ್ಲು ಎಸೆದ, ನಾವೂ ಎಸೆದೆವು. ನಮ್ಮ ಕಲ್ಲು ಅವನ ಕಲ್ಲಿಗಿಂತ ಹೆಚ್ಚು ದೂರ ಹೋಗಲಿಲ್ಲ. ಇದಕ್ಕೆ ಅವನಿಗಾದ ಸಂತೋಷ ನಮ್ಮ ಒಂಬತ್ತು ವರ್ಷದ ದುಡಿಮೆಯ ಯಾವ ಉಡುಗೊರೆಯಿಂದಲೂ ಯಾರಿಗೂ ಆಗಿರಲಿಲ್ಲ.

ಮುಂದಿನ ವಾರ ಮಾಗೋಡಿನ ದಾರಿಯಲ್ಲಿ ದನ ಮೇಯಿಸುತ್ತಿದ್ದ ಸಿದ್ದಿ ಅಜ್ಜನೊಬ್ಬರು ಸಿಕ್ಕರು. ನಮ್ಮ ತಾಲೂಕಿನ ಸಿದ್ದಿಗಳಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ಮಗ ಟೋಪಿ ನೋಡಿ ಸಲಾಂ ಹೇಳಿದ. ಅವರು ಅವನ ಕೈ ಹಿಡಿದು ರಸ್ತೆಯಿಂದ ಸ್ವಲ್ಪ ಒಳಗೆ ಕರೆದೊಯ್ದು, ದೂರದ ದೊಡ್ಡ ಮರದ ಪೊಟರೆಯನ್ನು ತೋರಿಸಿದರು. ಮಂಗಟ್ಟೆ ಹಕ್ಕಿಯ ಗೂಡು. ಹೆಣ್ಣು ಪೊಟರೆಯೊಳಗೆ ಕುಳಿತು ತನ್ನ ಹಿಕ್ಕೆ ಮತ್ತು ಹಣ್ಣಿನ ತಿರುಳಿನಿಂದ ಬಾಯಿ ಮುಚ್ಚಿಕೊಳ್ಳುತ್ತದೆ. ಕೊಕ್ಕು ಹೊರಬರುವಷ್ಟು ಒಂದು ಸೀಳು ಮಾತ್ರ ಉಳಿಯುತ್ತದೆ. ಒಳಗಿರುವಾಗ ಅದರ ರೆಕ್ಕೆಯ ಗರಿಗಳೂ ಉದುರುವುದರಿಂದ ಬೇಕೆಂದರೂ ಹಾರಲಾಗದು. ಮೊಟ್ಟೆಯೊಡೆದು ಮರಿಗಳು ಬಲಿಯುವ ತನಕ, ವಾರಗಟ್ಟಲೆ, ಗಂಡುಹಕ್ಕಿ ಆಲ, ಅತ್ತಿ, ಬಸರಿಯ ಹಣ್ಣುಗಳನ್ನು ತಂದು ಆ ಸೀಳಿನ ಮೂಲಕ ಒಂದೊಂದಾಗಿ ಕೊಡಬೇಕು. “ದೂರ ಕೂತುಕೊಳ್ಳಿ, ಮಾತಾಡಬೇಡಿ. ಜನ ಕಂಡರೆ ಗಂಡು ಮರಕ್ಕೆ ಬರುವುದಿಲ್ಲ. ಒಳಗಿನವಳಿಗೆ ಉಪವಾಸ ಆಗ್ತದೆ” ಎಂದು ಅಜ್ಜ ಹೇಳಿ ದನಗಳ ಹಿಂದೆ ಹೋದರು.

ಅರ್ಧ ಗಂಟೆ ಕಾದೆವು. ಏಳು ವರ್ಷದ ಹುಡುಗ ಅರ್ಧ ಗಂಟೆ ಮಾತಿಲ್ಲದೆ ಕುಳಿತದ್ದು ಅವನ ತಾಯಿ ಇಂದಿಗೂ ನಂಬದ ಸಂಗತಿ. ಕೊನೆಗೆ ರೆಕ್ಕೆಯ ಭಾರೀ ಸದ್ದು ಕೇಳಿತು. ಗಂಡು ಬಂದು ಕೊಂಬೆಯ ಮೇಲೆ ಕುಳಿತು, ಸುತ್ತ ನೋಡಿ, ಗಂಟಲಿನಿಂದ ಹಣ್ಣನ್ನು ಹೊರತಂದು ಸೀಳಿಗೆ ಚಾಚಿತು. ಒಳಗಿನಿಂದ ಕೊಕ್ಕಿನ ತುದಿ ಬಂದು ತೆಗೆದುಕೊಂಡಿತು.

ಹಿಂದಿರುಗುವಾಗ ನಾವು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆವು: “ನೋಡಿದೆಯಾ ಬೇಟಾ, ತಂದೆಯ ಕೆಲಸವೇ ಹಾಗೆ. ದೂರ ಹೋಗಿ ಮನೆಯವರಿಗೆ ಊಟ ತರುವುದು. ನಾನೂ ದಮ್ಮಾಮಿನಲ್ಲಿ ಅದನ್ನೇ ಮಾಡಿದೆ.”

ಮಗ ಯೋಚಿಸಿದ. “ಆದರೆ ಅದು ದಿನಾ ಬರುತ್ತದೆ ಅಲ್ಲವೇ ಅಬ್ಬಾ?” ಎಂದ.

ಅವನು ಚುಚ್ಚಿ ಹೇಳಿದ್ದಲ್ಲ. ಹಕ್ಕಿಯ ವಿಷಯ ತಿಳಿದುಕೊಳ್ಳಲು ಕೇಳಿದ. ನಾವು ಹೌದೆಂದೆವು.

ಗಲ್ಫಿಗೆ ಹೋಗುವುದನ್ನು ನಾವು ಖಂಡಿಸುತ್ತಿಲ್ಲ. ಭಟ್ಕಳದಿಂದ ಯಲ್ಲಾಪುರದವರೆಗೆ ನಮ್ಮ ಜಿಲ್ಲೆಯ ಎಷ್ಟು ಮನೆಗಳ ಒಲೆ ಆ ದುಡಿಮೆಯಿಂದ ಉರಿದಿದೆ ಎಂಬುದನ್ನು ಬಲ್ಲೆವು. ವಾರಕ್ಕೆ ಆರು ರಾತ್ರಿ ಲಾರಿಯ ಕ್ಯಾಬಿನ್ನಿನಲ್ಲಿ ಮಲಗುವ ಚಾಲಕರು ದಿನವೂ ನಮ್ಮ ಅಂಗಡಿಗೆ ಬರುತ್ತಾರೆ; ಅವರಿಗೆ ಉಪದೇಶ ಮಾಡಲು ನಮಗೆ ಮುಖವಿಲ್ಲ. ಆದರೆ ಊರಲ್ಲೇ ಇದ್ದು, ಸಂಜೆ ಏಳಕ್ಕೆ ಅಂಗಡಿ ಮುಚ್ಚಿ, ಹತ್ತರವರೆಗೆ ಕಟ್ಟೆಯ ಮೇಲೆ ಹರಟುವ ತಂದೆಯರಿಗೆ ಏನು ಕಾರಣವಿದೆ? ಅವರು ದಮ್ಮಾಮಿಗಿಂತ ದೂರದಲ್ಲಿದ್ದಾರೆ. ಮಗನ ತರ್ಬಿಯತ್ತಿನ ಹೊಣೆಯನ್ನು ಮೌಲವಿಯವರಿಗೂ ಶಾಲೆಯ ಮೇಷ್ಟ್ರಿಗೂ ಒಪ್ಪಿಸಿ, ಅವನು ಹದಿನೇಳರಲ್ಲಿ ಮಾತು ಕೇಳುವುದಿಲ್ಲವೆಂದು ಅದೇ ಮೌಲವಿಯವರ ಬಳಿ ದೂರು ಒಯ್ಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಏಪ್ರಿಲ್ ಎರಡನೆಯ ವಾರ ಶಾಲೆಗೆ ರಜೆ ಬಿಟ್ಟೊಡನೆ ಬೆಳಗ್ಗೆ ಶಿಬಿರ, ಮಧ್ಯಾಹ್ನ ಟ್ಯೂಷನ್ ಎಂದು ಮಕ್ಕಳ ದಿನವನ್ನು ತುಂಬಿಬಿಡುತ್ತೇವೆ. ಶಿಬಿರಗಳು ಒಳ್ಳೆಯವೇ. ಆದರೆ ತಂದೆಗೆ ಒಂದು ಬೆಳಗೂ ಉಳಿಯದಂತೆ ತುಂಬುವುದು ಒಳ್ಳೆಯದಲ್ಲ.

ಹಣ ಬೇಕೆಂಬ ಮಾತೂ ನಿಜವಲ್ಲ. ಆ ವರ್ಷ ಮಾರ್ಚ್ 30 ಯುಗಾದಿ, ಮರುದಿನ ಈದ್. ಯುಗಾದಿಯ ಬೆಳಗ್ಗೆ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮಾವಿನ ಮರದ ತುಂಬ ಮಿಡಿ. ಮಗ ಕೈ ಚಾಚಿದವನು ನಿಂತು, “ಇದು ಯಾರದ್ದು?” ಎಂದ. ಕಾಡಿನ ಮರ ಯಾರದ್ದೂ ಅಲ್ಲವೆಂದು ಹೇಳಬಹುದಿತ್ತು. ಆದರೆ ಅದು ಸೊಪ್ಪಿನ ಬೆಟ್ಟ. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲೆಂದು ತೋಟಿಗರಿಗೆ ಹಕ್ಕು ಕೊಟ್ಟ ಅರಣ್ಯಭೂಮಿ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಬಹಳ ಹಿಂದಿನಿಂದ ಇದೆ. ಕೆಳಗಿನ ತೋಟದ ಹೆಗಡೆಯವರ ಮನೆಗೆ ಹೋಗಿ ಕೇಳಿದೆವು. “ಎಂತಕ್ಕೆ ಕೇಳ್ತೀರಿ ಸಾಹೇಬ್ರೇ, ಹುಡುಗ ಕೊಯ್ಕಳ್ಲಿ” ಎಂದರು, ಮತ್ತು ಹಬ್ಬದ ದಿನ ಬರಿಗೈಯಲ್ಲಿ ಕಳಿಸಬಾರದೆಂದು ಬೆಲ್ಲದ ಒಂದು ಉಂಡೆಯನ್ನು ಬಾಳೆಲೆಯಲ್ಲಿ ಕಟ್ಟಿಕೊಟ್ಟರು. ಆ ಸಂಜೆ ರಮಝಾನಿನ ಕೊನೆಯ ಇಫ್ತಾರಿನಲ್ಲಿ ಖರ್ಜೂರದ ಪಕ್ಕದಲ್ಲಿ ಆ ಬೆಲ್ಲವಿತ್ತು. ಪರರ ಹಕ್ಕು ಎಂದರೇನು ಎಂಬುದನ್ನು ಆ ದಿನ ನಾವು ಮಗನಿಗೆ ಕಲಿಸಲಿಲ್ಲ, ಅವನು ನಮಗೆ ನೆನಪಿಸಿದ.

ರಜೆ ಆರಂಭವಾದ ಮೇಲೆ ಅಂಕೋಲೆಯ ಬಸ್ಸು. ಮುಂದಿನ ಸೀಟಿನಲ್ಲಿ ಕುಳಿತು ಅರಬೈಲು ಘಟ್ಟದ ತಿರುವುಗಳನ್ನು ಎಣಿಸುವುದು ಅವನ ಬಹುದಿನದ ಆಸೆ. ಐದನೆಯ ತಿರುವಿನಲ್ಲಿ ವಾಂತಿ ಮಾಡಿಕೊಂಡ. ಆದ್ದರಿಂದ ಲೆಕ್ಕ ತಪ್ಪಿತು, ಇನ್ನೊಮ್ಮೆ ಹೋಗಬೇಕೆಂಬುದು ಅವನ ತೀರ್ಮಾನ. ಮಾಗೋಡಿನಲ್ಲಿ ಸುಮಾರು 200 ಮೀಟರ್ ಆಳಕ್ಕೆ ಎರಡು ಹಂತದಲ್ಲಿ ಬೀಳುವುದನ್ನು ತಾನು ಕಂಡ ಬೇಡ್ತಿ ನದಿಯೇ ಘಟ್ಟದ ಕೆಳಗೆ ಗಂಗಾವಳಿ ಎಂಬ ಹೆಸರಿನಿಂದ ಹರಿದು ಸಮುದ್ರ ಸೇರುತ್ತದೆಂದು ತಿಳಿದಾಗ, “ಹೆಸರು ಬದಲಾದದ್ದು ನೀರಿಗೆ ಗೊತ್ತೇ?” ಎಂದು ಕೇಳಿದ. ನಿರ್ವಾಹಕರು ಟಿಕೆಟು ಹರಿಯುವುದನ್ನು ನಿಲ್ಲಿಸಿ ನಕ್ಕರು. ನಾವು ಹೋಗಿ ಬಂದ ಖರ್ಚು, ಅಂಕೋಲೆಯಲ್ಲಿ ಕುಡಿದ ಎರಡು ಎಳನೀರನ್ನೂ ಸೇರಿಸಿ, ಒಂದು ಬಿರಿಯಾನಿಯ ಊಟಕ್ಕಿಂತ ಹೆಚ್ಚಾಗಲಿಲ್ಲ.

ಯಾಕೂಬರ(ಅ) ತೋಳದ ಭಯವನ್ನು ಮಾತ್ರ ಮರೆಯಬಾರದು. ನಮ್ಮ ಕಾಡಿನ ತೋಳ ಬೇರೆ. ಮಂಗನ ಕಾಯಿಲೆಯು 1957ರಲ್ಲಿ ಪಕ್ಕದ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾಯಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲೂಕಿನಲ್ಲಿ ಹರಡಿತು. ಅದನ್ನು ಹರಡುವ ಉಣುಗುಗಳು ಹೆಚ್ಚುವುದು ಚಳಿಗಾಲದ ಕೊನೆಯಿಂದ ಮಳೆ ಬೀಳುವವರೆಗೆ, ಅಂದರೆ ಇದೇ ವಸಂತದಲ್ಲಿ. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಕಾಲಿಡಬಾರದು. ಉಳಿದೆಡೆಯೂ ತುಂಬುತೋಳಿನ ಅಂಗಿ ಬೇಕು, ಒಣ ಎಲೆಯ ಮೇಲೆ ಕೂರಬಾರದು, ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿಸಿ ಮಗುವಿನ ಮೈಯನ್ನು ತಂದೆಯೇ ನೋಡಬೇಕು. ಜಲಪಾತಗಳ ವಿಷಯದಲ್ಲೂ ಅಷ್ಟೇ. ಬೇಸಿಗೆಯಲ್ಲಿ ನೀರು ಕಡಿಮೆ ಎಂಬ ಧೈರ್ಯದಿಂದ ಮಡುವಿಗಿಳಿದು ಮರಳಿ ಬಾರದವರ ಸುದ್ದಿಯನ್ನು ಈ ಜಿಲ್ಲೆ ಪ್ರತಿ ವರ್ಷ ಓದುತ್ತದೆ.

ಇದನ್ನೆಲ್ಲ ಓದಿದ ನಮ್ಮ ತಂಗಿ, ಮಗಂದಿರಿಗೆ ಮಾತ್ರವೇ ಕಾಡು, ಕೆರೆ, ಬಸ್ಸು ಎಂದು ಕೇಳಿದಳು. ಅವಳಿಗೆ ಎಂಟು ವರ್ಷದ ಮಗಳಿದ್ದಾಳೆ, ಭಾವ ಕುವೈತಿನಲ್ಲಿದ್ದಾರೆ. ಆಕ್ಷೇಪ ನ್ಯಾಯವಾದದ್ದು. ಏಪ್ರಿಲಿನಿಂದ ಬೈಕಿನ ಮೇಲೆ ನಾವು ಮೂವರು. ಮುರುಗಲ ಹಣ್ಣನ್ನು ಗುರುತಿಸುವುದರಲ್ಲಿ ಆ ಹುಡುಗಿ ನಮ್ಮ ಮಗನಿಗಿಂತ ಮುಂದೆ. ಅವನಿಗೆ ಇದು ಇನ್ನೂ ಜೀರ್ಣವಾಗಿಲ್ಲ.

ಮೇ ತಿಂಗಳ ಕೊನೆಯಲ್ಲಿ ಹಿರಿಯ ಮಗ ಪರೀಕ್ಷೆ ಮುಗಿಸಿ ಮನೆಗೆ ಬಂದ. ರವಿವಾರ ನಾವು ಹೊರಡುವಾಗ ಕಿರಿಯವನು ಅಣ್ಣನ ಕೈ ಹಿಡಿದು ಎಳೆದ. ಅವನು ಒಲ್ಲೆನೆಂದ, ಆಮೇಲೆ ಬಂದ, ತನ್ನ ಗೆಳೆಯನ ಬೈಕಿನಲ್ಲಿ, ನಮಗಿಂತ ಹಿಂದೆ. ಮಂಗಟ್ಟೆಯ ಮರದ ಬಳಿ ತಲುಪಿದಾಗ ಪೊಟರೆಯ ಬಾಯಿ ಒಡೆದಿತ್ತು. ಒಳಗೆ ಯಾರೂ ಇರಲಿಲ್ಲ. ಬುಡದಲ್ಲಿ ಒಣಗಿದ ಬೀಜಗಳು ಮಾತ್ರ ಬಿದ್ದಿದ್ದವು. ತೋರಿಸಲು ಏನೂ ಉಳಿಯಲಿಲ್ಲವೆಂದು ಕಿರಿಯವನು ಅಳುವ ಹಂತಕ್ಕೆ ಬಂದ. ಹಿರಿಯವನು ಕುಕ್ಕುರುಗಾಲಿನಲ್ಲಿ ಕುಳಿತು ಬೀಜವೊಂದನ್ನು ಎತ್ತಿ ತಿರುಗಿಸಿ ನೋಡಿದ. ಬಳಿಕ ತಮ್ಮನನ್ನಲ್ಲ, ನಮ್ಮನ್ನು ನೋಡಿ ಕೇಳಿದ:

“ಅಬ್ಬಾ, ಇದು ಯಾವ ಹಣ್ಣಿನ ಬೀಜ?”

ನಮಗೆ ತಿಳಿಯದೆಂದು ಹೇಳಿದೆವು. ದನ ಮೇಯಿಸುವ ಅಜ್ಜನನ್ನು ಹುಡುಕಿಕೊಂಡು ಮೂವರೂ ಹೊರಟೆವು.